ಹಳೆಯ ಹಾಡನ್ನೇ ಕೇಳುವವರು

ನಿವೃತ್ತ ಮೇಷ್ಟ್ರಿಗೆ ಪಂಕ್ ಸಂಗೀತದ ಉಸಾಬರಿ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಗಬಹುದು. ಭೀಮಸೇನ ಜೋಶಿಯವರ ದನಿಗೆ ಪಳಗಿದ ಕಿವಿ ನನ್ನದು. ಆದರೂ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಕೇಳಿಸಿದ ಒಂದು ಆಲ್ಬಂ ನನ್ನನ್ನು ಇನ್ನೂ ಕಾಡುತ್ತಿದೆ.

ಅದು ಅಮೆರಿಕದ ಲಾಸ್ ಏಂಜಲಿಸ್ ನಗರದ 'ದ ಲಿಂಡಾ ಲಿಂಡಾಸ್' ಎಂಬ ತಂಡದ್ದು. ಲೂಸಿಯಾ ಮತ್ತು ಮೀಲಾ ಅಕ್ಕತಂಗಿಯರು, ಎಲೋಯಿಸ್ ಅವರ ಸೋದರಸಂಬಂಧಿ, ಬೆಲಾ ಗೆಳತಿ. ಏಷ್ಯಾ ಹಾಗೂ ಲ್ಯಾಟಿನ್ ಅಮೆರಿಕ ಮೂಲದ ಮನೆಗಳ ಮಕ್ಕಳು. 2018ರಲ್ಲಿ ಒಂದು ಸಂಗೀತೋತ್ಸವಕ್ಕಾಗಿ ಮೊದಲು ಒಟ್ಟಾದಾಗ ಇವರಿಗೆ ವಾದ್ಯಗಳ ಪರಿಚಯ ಅಷ್ಟಕ್ಕಷ್ಟೆ. ತಂಡದ ಹೆಸರು ಬಂದದ್ದು 2005ರ ಜಪಾನಿ ಚಲನಚಿತ್ರವೊಂದರಿಂದ. ಶಾಲೆಯ ಉತ್ಸವಕ್ಕೆಂದು ಹಾಡುಗಳನ್ನು ಕಲಿಯುವ ಹುಡುಗಿಯರ ಕಥೆಯದು.

2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚುವ ಹೊತ್ತಿನಲ್ಲಿ, ಮೀಲಾಳ ತರಗತಿಯ ಹುಡುಗನೊಬ್ಬ 'ಚೀನೀಯರಿಂದ ದೂರವಿರು ಎಂದು ಅಪ್ಪ ಹೇಳಿದ್ದಾರೆ' ಎಂದನಂತೆ. 'ನಾನೂ ಚೀನೀ ಮೂಲದವಳೇ' ಎಂದು ಇವಳು ಹೇಳಿದೊಡನೆ ಹಿಂದಕ್ಕೆ ಸರಿದನಂತೆ. ಆ ನೋವನ್ನು ಮೀಲಾ ಮತ್ತು ಎಲೋಯಿಸ್ ಸೇರಿ ಹಾಡು ಮಾಡಿದರು. 2021ರ ಮೇ ತಿಂಗಳಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳ ನಡುವೆ ನಿಂತು ಅದನ್ನು ಹಾಡಿದಾಗ ಡ್ರಮ್ ಬಾರಿಸುತ್ತಿದ್ದ ಮೀಲಾಳಿಗೆ ಹತ್ತು ವರ್ಷ, ಎಲ್ಲರಿಗಿಂತ ಹಿರಿಯಳಾದ ಬೆಲಾಳಿಗೆ ಹದಿನಾರು. ವಿಡಿಯೋ ಜಗತ್ತನ್ನೆಲ್ಲ ಸುತ್ತಿತು. ಗ್ರಂಥಾಲಯದಲ್ಲಿ ಗಲಾಟೆ ಮಾಡಬಾರದೆಂದು ಮೂವತ್ತು ವರ್ಷ ಮಕ್ಕಳನ್ನು ಗದರಿದ ನಾನು ಆ ಗಲಾಟೆಯನ್ನು ಎರಡು ಬಾರಿ ನೋಡಿದೆ!

ಆದರೆ ನನ್ನನ್ನು ಕಾಡಿದ್ದು ಅದಲ್ಲ, ಅದರ ನಂತರದ್ದು. ಲೋಕ ಒಮ್ಮೆ ಚಪ್ಪಾಳೆ ತಟ್ಟಿದ ಮಕ್ಕಳಿಗೆ ಅದೇ ಹಾಡನ್ನು, ಅದೇ ಸಿಟ್ಟನ್ನು ಮತ್ತೆ ಮತ್ತೆ ಒಪ್ಪಿಸುವುದು ಸುಲಭ. ಇವರು ಶಾಲೆ ಬಿಡಲಿಲ್ಲ. ರಜೆಗಳಲ್ಲಿ ಊರೂರು ಸುತ್ತಿ ಹಾಡಿದರು. 2022ರಲ್ಲಿ 'ಗ್ರೋಯಿಂಗ್ ಅಪ್' ಎಂಬ ಮೊದಲ ಆಲ್ಬಂ ಬಂತು. 2024ರ ಅಕ್ಟೋಬರ್ 11ರಂದು ಎರಡನೆಯದು, 'ನೋ ಆಬ್ಲಿಗೇಷನ್'. 'ಯಾರ ಹಂಗೂ ಇಲ್ಲ' ಎನ್ನೋಣ. ಹೆಣ್ಣು ಹೀಗೇ ಕಾಣಬೇಕು, ಹೀಗೇ ನಡೆಯಬೇಕು ಎಂಬ ಲೋಕದ ಅಪೇಕ್ಷೆಗೆ ಕೊಟ್ಟ ಉತ್ತರವಿದು. ಎರಡೂ ಆಲ್ಬಂಗಳನ್ನು ಸಿದ್ಧಪಡಿಸಿದವರು ಅಕ್ಕತಂಗಿಯರ ತಂದೆ ಕಾರ್ಲೋಸ್ ಡೆ ಲಾ ಗಾರ್ಸಾ.

ಎರಡನ್ನೂ ಒಂದರ ಹಿಂದೊಂದು ಕೇಳಿದೆ, ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಂತೆ. ಮೊದಲನೆಯದರಲ್ಲಿ ಉತ್ಸಾಹ ಮುಂದೆ, ಕೈ ಹಿಂದೆ. ಎರಡನೆಯದರಲ್ಲಿ ಕೈಯೂ ಜೊತೆಗೆ ಬಂದಿದೆ. ಡ್ರಮ್ಮಿನ ಪೆಟ್ಟಿಗೆ ಎಲ್ಲಿ ತಡೆಯಬೇಕೆಂಬುದು ತಿಳಿದಿದೆ. ಶೀರ್ಷಿಕೆಯ ಹಾಡಿನಲ್ಲಿ ಎಲೋಯಿಸಳ ಕಂಠ ಇಂದಿಗೂ ಗರ್ಜಿಸುತ್ತದೆ; ಆದರೆ ಲೂಸಿಯಾಳ 'ಆಲ್ ಇನ್ ಮೈ ಹೆಡ್'ನಲ್ಲಿ ಮೆಲುದನಿಯ ಮಾಧುರ್ಯವಿದೆ. ಬೆಲಾ ಸ್ಪ್ಯಾನಿಷ್ ಭಾಷೆಯಲ್ಲಿ ಹಾಡುವ 'ಯೋ ಮೆ ಎಸ್ತ್ರೆಸೊ'ದಲ್ಲಿ ಮನಸ್ಸಿನ ಒತ್ತಡವೇ ವಸ್ತು. ಅದಕ್ಕೆ ಅಕಾರ್ಡಿಯನ್ ನುಡಿಸಿದವರು ಹಾಸ್ಯಗೀತೆಗಳಿಗೆ ಹೆಸರಾದ 'ವಿಯರ್ಡ್ ಆಲ್' ಯಾಂಕೊವಿಕ್. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಕೇಳಿದ ಆ ವಾದ್ಯ ಕಿವಿಗೆ ಬಿದ್ದಾಗ ಬಹುದಿನಗಳ ಪರಿಚಿತರೊಬ್ಬರು ಸಿಕ್ಕಂತಾಯಿತು. ಸಿಟ್ಟು ಕಡಿಮೆಯಾಗಿಲ್ಲ, ಅದರ ಪಕ್ಕದಲ್ಲಿ ದಣಿವು, ಗೊಂದಲ, ನಗೆ ಇವಕ್ಕೂ ಜಾಗ ಸಿಕ್ಕಿದೆ.

ಮೊಮ್ಮಗಳಿಗೆ ನಾನು ಹೇಳಿದ್ದೇನು ಗೊತ್ತೇ? 'ಚೆನ್ನಾಗಿದೆ. ಆ ಗ್ರಂಥಾಲಯದ ಹಾಡನ್ನೇ ಇನ್ನೊಮ್ಮೆ ಹಾಕು.' ಅವಳು ಮುಖ ಸಿಂಡರಿಸಿ, 'ಅಜ್ಜಾ, ಅವರು ಈಗ ಚಿಕ್ಕ ಮಕ್ಕಳಲ್ಲ' ಎಂದಳು.

ಆ ಮಾತು ಬೇರೊಂದು ನೆನಪನ್ನು ಕೆದಕಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದಲ್ಲಿ ಒಂದು ಭಾವಗೀತೆ ಹಾಡಿದ್ದಳು. ಇಡೀ ಮೈದಾನ ಸ್ತಬ್ಧವಾಗಿತ್ತು. ಮುಂದೆ ಹದಿನೈದು ವರ್ಷ ಗುರುಗಳ ಬಳಿ ಹಿಂದುಸ್ತಾನಿ ಕಲಿತಳು. ಎಲ್ಲಿ ಸಿಕ್ಕರೂ ನಾನು ಅವಳನ್ನು ಪರಿಚಯಿಸುತ್ತಿದ್ದುದು 'ಆ ಹಾಡು ಹಾಡಿದ ಹುಡುಗಿ' ಎಂದೇ. ಕೆಲವು ವರ್ಷಗಳ ಹಿಂದೆ ಅವಳ ಕಛೇರಿಗೆ ಹೋಗಿದ್ದೆ. ಮುಕ್ಕಾಲು ಗಂಟೆ ಬಾಗೇಶ್ರೀ ಹಾಡಿದಳು. ಮುಗಿದೊಡನೆ ಮುಂದಿನ ಸಾಲಿನಿಂದಲೇ ಆ ಹಳೆಯ ಭಾವಗೀತೆ ಬೇಕೆಂದೆ. ಗುರುವಿನ ಮಾತು, ನಗುತ್ತಲೇ ಹಾಡಿದಳು. ಆಮೇಲೆ ಕಾಲಿಗೆರಗಿ, 'ಸರ್, ಬಾಗೇಶ್ರೀ ಹೇಗಿತ್ತು?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮುಕ್ಕಾಲು ಗಂಟೆಯೂ ನಾನು ಭಾವಗೀತೆಗಾಗಿ ಕಾದಿದ್ದೆನೇ ಹೊರತು ರಾಗವನ್ನು ಆಲಿಸಿರಲಿಲ್ಲ.

ಮಕ್ಕಳು ಬೆಳೆಯಲೆಂದೇ ಪಾಠ ಹೇಳುತ್ತೇವೆ. ಬೆಳೆದು ಎದುರು ನಿಂತಾಗ ಹದಿನಾಲ್ಕರ ಮುಖವನ್ನೇ ಹುಡುಕುತ್ತೇವೆ. ಪ್ರೀತಿಯಿಂದಲೇ ಹುಡುಕುತ್ತೇವೆ ನಿಜ, ಆದರೆ ಅದೂ ಒಂದು ಹಂಗೇ ಅಲ್ಲವೇ? ಹದಿನೈದು ವರ್ಷಗಳ ಅವಳ ಸಾಧನೆಯನ್ನು ನಾನು ಒಂದು ಸಂಜೆಯ ಚಪ್ಪಾಳೆಗೆ ಕಟ್ಟಿಹಾಕಿದ್ದೆ.

ಅವಳೂ ಈ ಪುಟವನ್ನು ಓದುತ್ತಾಳೆ. ಮುಂದಿನ ಕಛೇರಿ ಎಂದೆಂದು ತಿಳಿಸಮ್ಮ, ಬರುತ್ತೇನೆ. ಈ ಸಲ ಏನನ್ನೂ ಕೇಳುವುದಿಲ್ಲ. ಸುಮ್ಮನೆ ಕುಳಿತು ಕೇಳುತ್ತೇನೆ.