ತಟ್ಟಿದರೆ ದನಿಗೊಡುವ ಗುಡ್ಡ

ಬಳ್ಳಾರಿಯಿಂದ ಸಂಗನಕಲ್ಲಿಗೆ ಬಂದಿಳಿದು ಹಿರೇಗುಡ್ಡದ ಬುಡಕ್ಕೆ ನಡೆಯುತ್ತಿದ್ದೀರಿ. ಬಳ್ಳಾರಿ ಜಾಲಿಯ ಮುಳ್ಳು ಬಟ್ಟೆ ಹಿಡಿದೆಳೆಯುತ್ತದೆ. ಹೊತ್ತು ಏರಿಲ್ಲ, ಅಂಗೈ ಊರಿ ಹತ್ತುವಾಗ ಬಂಡೆ ಇನ್ನೂ ತಣ್ಣಗಿದೆ. ಸುತ್ತೆಲ್ಲ ಮಾಸಲು ಬಣ್ಣದ ಗ್ರಾನೈಟ್. ಅದರ ನಡುವೆ, ಗುಡ್ಡವನ್ನೇ ಸೀಳಿದಂತೆ, ಒಂದು ಕಪ್ಪು ಪಟ್ಟಿ. ಗ್ರಾನೈಟಿನ ಬಿರುಕಿಗೆ ಭೂಮಿಯೊಳಗಿಂದ ನುಗ್ಗಿ ಹೆಪ್ಪುಗಟ್ಟಿದ ಡೊಲೆರೈಟ್ ಅದು. ಈಗ ಒಡೆದು, ಕರಿಗುಂಡುಗಳಾಗಿ ಒಂದರ ಮೇಲೊಂದು ಕೂತಿದೆ.

ಹತ್ತಿರ ಹೋಗಿ. ಮೊದಮೊದಲು ಏನೂ ಕಾಣುವುದಿಲ್ಲ. ಓರೆಬಿಸಿಲು ತಾಗಿದೊಡನೆ ದನಗಳು ಎದ್ದು ಬರುತ್ತವೆ: ಉದ್ದನೆಯ ಕೊಂಬು, ಎತ್ತರದ ಹಿಣಿಲು. ಇನ್ನೊಂದೆಡೆ ಸಾಲುಗಟ್ಟಿದ ಮನುಷ್ಯರು. ಬಣ್ಣ ಬಳಿದಿಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದು. ಕೆಲವು ಚಿತ್ರಗಳಿರುವ ಜಾಗಕ್ಕೆ ಕೈ ಎಟುಕಬೇಕಾದರೆ ಬಂಡೆಯಂಚಿನಿಂದ ಜೋತುಬೀಳಬೇಕು.

ಇನ್ನು ಕೆಲವು ಗುಂಡುಗಳ ಮೇಲೆ ಚಿಕ್ಕ ಚಿಕ್ಕ ಕುಳಿಗಳ ಗುಂಪು. ಬೆರಳಾಡಿಸಿ, ಕಣ್ಣಿಗಿಂತ ಮೊದಲು ಬೆರಳ ತುದಿಗೆ ಸಿಗುತ್ತವೆ. ಕಾಲಬಳಿಯ ಗ್ರಾನೈಟ್ ಚೂರೊಂದನ್ನು ಎತ್ತಿಕೊಂಡು, ಗುರುತು ಮೂಡದಷ್ಟು ಮೆಲ್ಲಗೆ ತಟ್ಟಿ. ಜಾಗಟೆಯಂಥ ದನಿ ಠಣ್ಣನೆ ಏಳುತ್ತದೆ. ಬಂಡೆಗೊರಗಿದ ಇನ್ನೊಂದು ಅಂಗೈಗೆ ಅದರ ನಡುಕ ತಾಗುತ್ತದೆ. ಇಲ್ಲಿಂದಲೇ ಕೊಡಲಿಗೆ ಕಲ್ಲು ತೆಗೆದು, ದನ ಸಾಕಿ, ಸೆಗಣಿ ಸುಟ್ಟ ಬೂದಿದಿಬ್ಬಗಳನ್ನು ಬಿಟ್ಟುಹೋದ ನವಶಿಲಾಯುಗದ ಜನ ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ದನಿ ಕೇಳಿದ್ದಾರೆ. ದಿನವಿಡೀ ಡೊಲೆರೈಟ್ ಒಡೆಯುವವರಿಗೆ ಯಾವ ಕಲ್ಲು ಹಾಡುತ್ತದೆಂದು ಕಿವಿಯೇ ಹೇಳಿರಬೇಕು.

1892ರಲ್ಲಿ ಫಾಸೆಟ್ ಎಂಬವರು ಈ ಚಿತ್ರಗಳ ಬಗ್ಗೆ ಬರೆದರು. ಆಮೇಲೆ ಬಹುಕಾಲ ವಿದ್ವಾಂಸರಿಗೂ ಇವು ಮರೆತೇಹೋಗಿದ್ದವು. ಧಾರವಾಡದ ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರೊಡನೆ ಈ ಸೀಮೆಯಲ್ಲಿ ಕೆಲಸ ಮಾಡಿದ ಪುರಾತತ್ತ್ವಜ್ಞೆ ನಿಕೋಲ್ ಬೋವಿನ್, 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಚಿತ್ರ ಮತ್ತು ದನಿ ಎರಡನ್ನೂ ಒಟ್ಟಿಗೆ ಓದಿದರು. ಚಿತ್ರ ಮೂಡಿಸುವುದೂ ಕುಟ್ಟುವ ಕೆಲಸ, ನುಡಿಸುವುದೂ ಕುಟ್ಟುವ ಕೆಲಸ. ಇಂದು ಬೆಂಗಳೂರಿನ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನ ಅಂಗಳದಲ್ಲಿ ಮಕ್ಕಳು ಮುಟ್ಟಿ ನುಡಿಸುವ ಕಲ್ಲುಗಳಿವೆ. ನೋಡುವವನ ಕೈಯಿಲ್ಲದೆ ಪೂರ್ಣವಾಗದ ಆ ಬಗೆಯ ಕಲೆಯನ್ನು ಬಳ್ಳಾರಿಯ ದನಗಾಹಿಗಳು ಎಂದೋ ಕಂಡುಕೊಂಡಿದ್ದರು.

ಗುಡ್ಡದ ಮೇಲೆ ನಿಂತಾಗ ಗ್ರಾನೈಟ್ ಕೀಳುವ ಕ್ವಾರಿಗಳು ನೆನಪಾದರೆ ಎದೆ ಝಲ್ಲೆನ್ನುತ್ತದೆ. ಅವುಗಳಿಂದ ಈ ನೆಲೆಗೆ ಕುತ್ತಿದೆಯೆಂದು 2004ರಲ್ಲೇ ಎಚ್ಚರಿಸಲಾಗಿತ್ತು. ಬಂಡೆಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಕಾಪಾಡಬಹುದಲ್ಲ ಎಂದರೆ, ಆಗದು. ಗುಂಡು ಕೆಳಗಿನ ಕಲ್ಲಿಗೆ ಅಲ್ಲಲ್ಲಿ ಮಾತ್ರ ತಾಗಿ, ಸುತ್ತ ಗಾಳಿಗೆ ತೆರೆದಿದ್ದರೆ ತಟ್ಟಿದ ನಡುಕಕ್ಕೆ ಆಡಲು ಜಾಗವಿರುತ್ತದೆ. ಮಣ್ಣಿನಲ್ಲಿ ಹೂತರೆ, ಸಿಮೆಂಟಿನಲ್ಲಿ ನೆಟ್ಟರೆ ಕಲ್ಲು ಮೂಕ. ಚಿತ್ರದ ಫೋಟೊ ತೆಗೆದಿಡಬಹುದು. ಅಂಗೈಗೆ ತಾಗಿದ ನಡುಕವನ್ನು ತೆಗೆದಿಡಲಾಗದು. ಕ್ವಾರಿಯನ್ನು ದೂರವಿಟ್ಟು, ಸಂಗನಕಲ್ಲಿನ ಹುಡುಗರನ್ನೇ ಕಾವಲಿಗೂ ದಾರಿ ತೋರಿಸಲಿಕ್ಕೂ ನೇಮಿಸಿ, ಗುಡ್ಡವನ್ನು ಇದ್ದಲ್ಲೇ ಇಡಿಯಾಗಿ ಉಳಿಸಿಕೊಂಡರೆ ಮಾತ್ರ ಈ ಕಲೆ ಉಳಿದಂತೆ.