ಅತ್ತೆ ಓದುವ ಕನ್ನಡ ಹಾಡು

ಕೆಜಿಎಫ್‌ನಲ್ಲಿ ಕೂತು ಕನ್ನಡದಲ್ಲೊಂದು ಕ್ರೈಸ್ತ ಆರಾಧನಾ ಗೀತೆ ಬರೆಯುವವನು ಒಂದು ಸಂಗತಿಯನ್ನು ಮರೆಯುವಂತಿಲ್ಲ. ಅದನ್ನು ಹಾಡುವವರಲ್ಲಿ ಅರ್ಧಕ್ಕರ್ಧ ಜನ ಕನ್ನಡ ಓದಲಾರರು. ಮಾತಾಡಲು ಎಲ್ಲರಿಗೂ ಬರುತ್ತದೆ. ಸಂತೆ, ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲ ಕನ್ನಡದಲ್ಲೇ ಮುಗಿಸಿಕೊಂಡು ಬರುತ್ತಾರೆ. ಅಕ್ಷರ ಕಲಿತದ್ದು ಮಾತ್ರ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಹಿಡಿದ ಮೇಲೆ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಭಾಷೆಗಳು ಮಾತ್ರ ಇದ್ದಲ್ಲೇ ಇವೆ. (ಸಿನಿಮಾ ಬಂದಮೇಲೆ ಊರಿನ ಹೆಸರು ಹೇಳಿದರೆ ಹೊರಗಿನವರಿಗೆ ಬಂದೂಕು ನೆನಪಾಗುತ್ತದೆ. ನಮಗೆ ಈಗಲೂ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲೇ ನೆನಪಾಗುವುದು.)

ನಮ್ಮ ಮನೆಯಲ್ಲೂ ಇದೇ ಕಥೆ. ನನ್ನದು ಕನ್ನಡ, ಹೆಂಡತಿಯ ಕಡೆಯವರದು ತಮಿಳು. ಮಕ್ಕಳು ಅಪ್ಪನ ಹತ್ತಿರ ದುಡ್ಡು ಕೇಳುವುದು ಕನ್ನಡದಲ್ಲಿ, ಅಮ್ಮನ ಹತ್ತಿರ ಅನ್ನ ಕೇಳುವುದು ತಮಿಳಿನಲ್ಲಿ. ಅತ್ತೆ ಸತ್ಯವೇದ ಓದುವುದು ತಮಿಳಿನಲ್ಲಿ. ಭಾನುವಾರ ಕನ್ನಡ ಹಾಡುಗಳನ್ನೆಲ್ಲ ಜೋರಾಗಿ ಹಾಡುತ್ತಾರೆ, ಆದರೆ ಅವರ ಕೈಯಲ್ಲಿರುವ ನೋಟುಬುಕ್ಕಿನಲ್ಲಿ ಆ ಕನ್ನಡವೆಲ್ಲ ತಮಿಳು ಲಿಪಿಯಲ್ಲಿದೆ. ತ, ಥ, ದ, ಧ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಹಾಗಾಗಿ ‘ದ’ ಬರಬೇಕಾದ ಕಡೆ ಅತ್ತೆ ಅಕ್ಷರದ ತಲೆಯ ಮೇಲೆ ಸಣ್ಣದಾಗಿ 3 ಎಂದು ಬರೆದುಕೊಳ್ಳುತ್ತಾರೆ. ತಮಿಳು ಲಿಪಿಯಲ್ಲಿ ಸಂಸ್ಕೃತ ಶ್ಲೋಕ ಅಚ್ಚು ಹಾಕುವವರ ಹಳೆಯ ಉಪಾಯ ಇದು. ನಮ್ಮ ಅತ್ತೆಯ ಕೈಯಲ್ಲಿ ಅದು ಯೇಸುವಿನ ಹಾಡಿಗೆ ಒದಗಿದೆ.

ಹೊಸ ಹಾಡು ಯಾಕೆ ಬೇಕಾಯಿತು ಎಂದರೆ, ನಮ್ಮ ಸಭೆಗಳಲ್ಲಿ ಹಾಡುವ ಕನ್ನಡ ಕೋರಸ್‌ಗಳಲ್ಲಿ ಎಷ್ಟೋ ತಮಿಳಿನಿಂದಲೋ ತೆಲುಗಿನಿಂದಲೋ ಹಿಂದಿಯಿಂದಲೋ ಬಂದವು. ರಾಗ ಹಾಗೇ ಇಟ್ಟುಕೊಂಡು ಕನ್ನಡ ತುಂಬುತ್ತಾರೆ. ತೆಲುಗಿನ ಮಾತು ನಮ್ಮ ಹಾಗೆ ಸ್ವರದಲ್ಲಿ ಮುಗಿಯುವುದರಿಂದ ಹೇಗೋ ಕೂರುತ್ತದೆ. ತಮಿಳು, ಹಿಂದಿಯ ಮಾತು ಎಷ್ಟೋ ಕಡೆ ವ್ಯಂಜನಕ್ಕೇ ನಿಂತುಬಿಡುತ್ತದೆ. ಅಲ್ಲಿ ಕನ್ನಡದ ಕೊನೆಯ ‘ಉ’ಕಾರಕ್ಕೆ ಜಾಗವೇ ಇಲ್ಲ, ನುಂಗಿಕೊಂಡು ಹಾಡಬೇಕು. ಇನ್ನು ಪ್ರಾಸವಂತೂ ದಾರಿಯಲ್ಲೇ ಉದುರಿಹೋಗಿರುತ್ತದೆ. ಓದಲು ಬರದವರಿಗೆ ಹಾಡು ನೆನಪಿರುವುದೇ ಪ್ರಾಸದಿಂದ. ಅದು ಹೋದಮೇಲೆ ಅವರು ಗೋಡೆಯ ಮೇಲಿನ ಪರದೆಯನ್ನೇ ನೋಡಬೇಕು. ಪರದೆಯ ಮೇಲಿರುವುದು ಕನ್ನಡ ಅಕ್ಷರ.

ಕ್ರಿಸ್ತನ ಹಾಡು ಕಟ್ಟಿಕೊಡಲು ತಮಿಳರಿಗೆ ತಂಜಾವೂರಿನ ವೇದನಾಯಗಂ ಶಾಸ್ತ್ರಿ (1774–1864) ಇದ್ದರು, ತೆಲುಗರಿಗೆ ಪುರುಷೋತ್ತಮ ಚೌಧರಿ (1803–1890). ನಮ್ಮಲ್ಲಿ ಯಾರಿದ್ದರು ಎಂದು ಕೇಳಿದರೆ ನಾನು ಕಿಟ್ಟೆಲ್ ಅನ್ನುತ್ತೇನೆ. ಜನಕ್ಕೆ ಅವರ ನಿಘಂಟು ಮಾತ್ರ ಗೊತ್ತು. 1862ರಲ್ಲೇ ಅವರು ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಜರ್ಮನಿಯಿಂದ ಬಂದವರು ಮಾತ್ರೆ ಎಣಿಸಿದರು. ಇಲ್ಲೇ ಹುಟ್ಟಿದ ನಾವು ಕೀಬೋರ್ಡಿನ ರೆಡಿಮೇಡ್ ಬೀಟ್ ಒತ್ತಿ ಮಾತು ತುರುಕುತ್ತಿದ್ದೇವೆ.

ಅದಕ್ಕೇ ನಾನು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಕಲಿತ ಭಾಮಿನಿ ಷಟ್ಪದಿಗೆ ಕೈ ಹಾಕಿದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ನಡೆ. ವಸ್ತುವೂ ಊರಿನದೇ. ಸತ್ಯವೇದದ 130ನೆಯ ಕೀರ್ತನೆಯವನು ಆಳದಿಂದ ಮೊರೆಯಿಡುತ್ತಾನೆ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಕೆಲಸ ಮಾಡಿದವರ ಮನೆಗಳಿಗೆ ಆ ಆಳವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮಾವ ಗಣಿಯ ಕೇಜಿನಲ್ಲಿ ಇಳಿದು ಹತ್ತಿದವರು. ಪಲ್ಲವಿ ಹೀಗೆ ಬಂತು:

ಮಣ್ಣಿನಾಳಕೆ ಇಳಿದ ಜನರಿಗೆ ದೀಪವಾದವನೇ
ಕಣ್ಣ ನೀರನು ಎಣಿಸಿ ಕೈಯಲಿ ಹಿಡಿದುಕೊಂಡವನೇ

ಪ್ರತಿ ಸಾಲಿನ ಎರಡನೆಯ ಅಕ್ಷರ ‘ಣ್ಣ’. ನಾವು ಆದಿಪ್ರಾಸ ಎನ್ನುವುದನ್ನು ತಮಿಳರು ಎದುಗೈ ಎನ್ನುತ್ತಾರೆ, ಎರಡೂ ಕಿವಿಗೆ ಅದು ಮನೆಯ ಸಾಮಾನು. ‘ಣ್ಣ’ ಆರಿಸಿದ್ದರಲ್ಲಿ ಇನ್ನೊಂದು ಲೆಕ್ಕಾಚಾರವೂ ಇತ್ತು. ಅದಕ್ಕೆ ತಮಿಳು ಲಿಪಿಯಲ್ಲಿ ತನ್ನದೇ ಅಕ್ಷರವಿದೆ, ಗೊಂದಲಕ್ಕೆ ಎಡೆಯಿಲ್ಲ. ಚರಣಗಳಿಗೂ ‘ಲ್ಲ’, ‘ನ್ನ’ ಹಿಡಿದೆ. ಪ್ರಾಸದ ಜಾಗದಲ್ಲಾದರೂ ಅತ್ತೆ 3 ಹಾಕುವಂತಾಗಬಾರದು.

ಕೀಬೋರ್ಡ್ ನುಡಿಸುವ ಹುಡುಗ ಪಕ್ಕದ ಬೀದಿಯವನು, ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಅವನು ಸಿಗುವುದು ಭಾನುವಾರ ಮಧ್ಯಾಹ್ನ ಮಾತ್ರ. ಹಾಡು ಕೇಳಿ ಬೆರಳಲ್ಲಿ ಎಣಿಸಿದ. “ಅಂಕಲ್, ಸೆವೆನ್ನಾ? ಇದಕ್ಕೆ ಸ್ಟೈಲೇ ಇಲ್ವಲ್ಲ” ಎಂದ. ಅವನ ಕೀಬೋರ್ಡಿನಲ್ಲಿದ್ದದ್ದೆಲ್ಲ ನಾಲ್ಕರದು, ಆರರದು. ಒಳಗೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಅಲ್ಲಿಂದಲೇ “ತಕಿಟ ತಕದಿಮಿ, ಅವ್ವಳವುದಾನ್” (ಅಷ್ಟೇ) ಎಂದು ತೊಡೆ ತಟ್ಟಿ ತೋರಿಸಿದರು. ಅದೇ ಏಳರ ಮಿಶ್ರಛಾಪು ತಾಳ. ಹಳೆಯ ತಮಿಳು ಕೀರ್ತನೆಗಳನ್ನು ಹಾಡಿ ಬೆಳೆದವರಿಗೆ ನಮ್ಮ ಭಾಮಿನಿಯ ನಡಿಗೆ ಬೇರೆಯೆನಿಸಲೇ ಇಲ್ಲ. ಹುಡುಗ ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿಯ ರಿದಂ ಟ್ರ್ಯಾಕಿನಲ್ಲಿ ಒಂದು ಆವರ್ತಕ್ಕೆ ಏಳು ಏಟು ಎಂದು ತುಂಬಿ, ಹಾಡುವಾಗ ಕಿವಿಗೆ ತಾಳ ಕೊಡುವ ಕ್ಲಿಕ್ ಮಾಡಿಕೊಂಡ. ತಾಳಕ್ಕೆ ಡೋಲಕ್ ಸಾಕಾಯಿತು.

ರೆಕಾರ್ಡಿಂಗ್ ನಡೆದದ್ದು ಮಲಗುವ ಕೋಣೆಯಲ್ಲಿ. ಸ್ಟುಡಿಯೋ ಬಾಡಿಗೆ ಉಳಿಸಲು ಮನೆಯಲ್ಲಿ ರೆಕಾರ್ಡ್ ಮಾಡುವವರೆಲ್ಲ ಮೈಕಿನ ಬೆಲೆ ಲೆಕ್ಕ ಹಾಕುತ್ತಾರೆ, ಕೋಣೆಯನ್ನು ಮರೆಯುತ್ತಾರೆ. ಬರಿ ಗೋಡೆಗೆ ದನಿ ಬಡಿದು ವಾಪಸು ಬರುತ್ತದೆ. ನಾವು ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಸೀರೆಗಳ ಕಡೆ ಮುಖ ಮಾಡಿ ಹಾಡಿದೆವು, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿದೆವು. ಡೋಲಕ್ಕಿನ ತಗ್ಗು ಸದ್ದಿಗೆ ಬೀರುವಿನ ತಗಡೇ ನಡುಗತೊಡಗಿತು, ಅದರ ಮೇಲೊಂದು ಅಕ್ಕಿ ಮೂಟೆ ಇಟ್ಟಮೇಲೆ ಸುಮ್ಮನಾಯಿತು. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವುದು ಒಂದು ತಪಸ್ಸು. ಕ್ಲಿಕ್ ಕೇಳಿಸಿಕೊಳ್ಳಲು ತಂತಿಯ ಹೆಡ್‌ಫೋನೇ ಬೇಕು. ಬ್ಲೂಟೂತಿನಲ್ಲಿ ಸದ್ದು ತಡವಾಗಿ ಕಿವಿಗೆ ಬೀಳುತ್ತದೆ, ಹಾಡುವವನು ಅದಕ್ಕೆ ತಕ್ಕಂತೆ ಹಿಂದೆ ಬೀಳುತ್ತಾನೆ.

ನನ್ನ ‘ಪ್ರಭು’ ಮೈಕಿಗೆ ಆಗಲಿಲ್ಲ. ‘ಭ’ ಎನ್ನುವಾಗ ಬಾಯಿಂದ ಹೊರಡುವ ಗಾಳಿ ಮೈಕಿನ ತೆಳು ಪೊರೆಗೆ ಬಡಿದು ಡಬ್ ಎನ್ನುತ್ತದೆ. ಹುಡುಗ ಪರದೆಯಲ್ಲಿ ಎದ್ದ ಗೋಪುರ ತೋರಿಸಿದ. ಅತ್ತೆ ಹಾಡಿದರೆ ಗೆರೆ ನೆಟ್ಟಗೆ. ಅವರ ನಾಲಿಗೆಯಲ್ಲಿ ಮಹಾಪ್ರಾಣವೇ ಇಲ್ಲ, ‘ಪ್ರಬು’ ಅಷ್ಟೇ. “ಇನ್ನೊರು ವಾಟಿ ಪಾಡುಂಗ ಮಾಪ್ಳೆ” (ಇನ್ನೊಂದು ಸಲ ಹಾಡಿ ಅಳಿಯಂದಿರೇ) ಎಂದು ನನಗೇ ಹೇಳಿಕೊಟ್ಟರು. ಕೊನೆಗೆ ಮೈಕನ್ನು ಬಾಯಿಗೆ ನೇರವಾಗಿ ಇಡದೆ ಒಂದು ಪಕ್ಕಕ್ಕೆ ತಿರುಗಿಸಿ ನನ್ನ ಮಹಾಪ್ರಾಣ ಉಳಿಸಿಕೊಂಡೆ. ಹಿಮ್ಮೇಳದಲ್ಲಿ ಅತ್ತೆಯ ‘ಪ್ರಬು’ವೂ ಹಾಗೇ ಇದೆ. ತೆಗೆಯೋಣವೇ ಎಂದು ಹುಡುಗ ಕೇಳಿದ. ನಮ್ಮ ಸಭೆ ಹಾಡುವುದೇ ಹಾಗಲ್ಲವೇನಪ್ಪ, ಇರಲಿ ಎಂದೆ.

ಶ್ರುತಿಯ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ಸಿನಿಮಾ ಗಾಯಕರ ಹಾಗೆ ಮೇಲಕ್ಕೆ ಏರಿಸಿದರೆ ಕೇಳಲು ಚೆಂದ ಎನ್ನುವುದು ಹುಡುಗನ ವಾದ. ಭಾನುವಾರ ಬೆಳಿಗ್ಗೆ ಸಾಮಾನ್ಯ ಜನ ಮೇಲಿನ ‘ಡಿ’ ದಾಟಿದರೆ ಬಾಯಿ ಮುಚ್ಚಿಕೊಂಡು ಹಾಡುಗಾರನನ್ನು ನೋಡುತ್ತಾರೆ. ಆಮೇಲೆ ಅದು ಕಛೇರಿಯಾಗುತ್ತದೆ, ಆರಾಧನೆಯಲ್ಲ. ಕೆಳಗಿನ ‘ಬಿ’ಯಿಂದ ಮೇಲಿನ ‘ಡಿ’ವರೆಗೆ, ಅಷ್ಟರಲ್ಲೇ ರಾಗ ಮುಗಿಯಬೇಕೆಂದು ಹಟ ಹಿಡಿದೆ. ಎರಡನೆಯ ಚರಣದ ಅವನ ಒಳ್ಳೆಯದೊಂದು ಏರಿಕೆ ಇದರಿಂದ ಹೋಯಿತು, ಅದಕ್ಕೆ ಅವನು ಈಗಲೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಹಾಡು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಓಡಾಡಿ ಗಡಿ ದಾಟಿತು. ಕುಪ್ಪಂ ಕಡೆಯ ಅಯ್ಯನವರೊಬ್ಬರು ಫೋನ್ ಮಾಡಿ, ಸ್ತೋತ್ರ ಹೇಳಿ, ಇದನ್ನು ತೆಲುಗಿಗೆ ಮಾಡಿಕೊಡಿ ಎಂದರು. ನಡೆ ತಗೊಳ್ಳಿ, ರಾಗ ತಗೊಳ್ಳಿ, ಮಾತು ನೀವೇ ಹೊಸದಾಗಿ ಬರೆಯಿರಿ, ಎರಡನೆಯ ಅಕ್ಷರದ ಪ್ರಾಸ ನಿಮ್ಮಲ್ಲೂ ಇದೆಯಲ್ಲ ಅಯ್ಯನವರೇ ಎಂದೆ. ಇದೆ ಎಂದು ಒಪ್ಪಿಕೊಂಡರು. ಏಳರ ಕ್ಲಿಕ್ ಇರುವ ಫೈಲು ಕಳಿಸಿ ಎಂದರು, ಹುಡುಗ ಕಳಿಸಿದ್ದಾನೆ.