ಬುಕ್ಕಾಂಬುಧಿಯಿಂದ ಪೇಟೆಯವರೆಗೆ ಒಂದು ಸೈಕಲ್ ಹಾದಿ

ಅಂಬುಧಿ ಎಂದರೆ ಕಡಲು. ಮಳೆಯನ್ನೇ ನಂಬಿ ಬಾಳಿದ ನಮ್ಮ ಹಿರಿಯರು ಕೆರೆಗೆ ಕಡಲಿನ ಹೆಸರಿಟ್ಟರು. ನೀರಿನ ಬಗೆಗೆ ಅವರಿಗಿದ್ದ ಗೌರವ ಅದರಲ್ಲಿಯೇ ವ್ಯಕ್ತವಾಗುತ್ತದೆ. ಬುಕ್ಕಾಂಬುಧಿ ಎಂಬ ಹೆಸರಿನ ಪೂರ್ವಪದವು ವಿಜಯನಗರದ ಬುಕ್ಕರಾಯನನ್ನು ನೆನಪಿಗೆ ತರುತ್ತದೆ. ಇಲ್ಲಿಯ ಬೆಟ್ಟವನ್ನು ಉಜ್ಜಯಿನಿ ಪೀಠದ ಸಿದ್ಧಲಿಂಗ ಜಗದ್ಗುರುಗಳ ತಪೋಭೂಮಿಯೆಂದು ಭಕ್ತರು ಬಲ್ಲರು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಸೀಮೆ, 2017ರ ಆಯವ್ಯಯದಲ್ಲಿ ಹೊಸ ತಾಲ್ಲೂಕುಗಳು ಘೋಷಣೆಯಾದ ಬಳಿಕ ಅಜ್ಜಂಪುರಕ್ಕೆ ಸೇರಿತು. ಕಚೇರಿ ಹತ್ತಿರ ಬಂದಿತು, ನಿಜ. ಆದರೆ ಕಚೇರಿಗೆ ಹೋಗುವ ದಾರಿ ಸುಗಮವಾಯಿತೇ ಎಂಬುದು ಬೇರೆಯೇ ಪ್ರಶ್ನೆ.

ಬೀರೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಅಜ್ಜಂಪುರವನ್ನು ಹಾದುಹೋಗುತ್ತದೆ. ಅಮೃತಮಹಲ್ ತಳಿಯ ರಾಸುಗಳ ಸಂವರ್ಧನಾ ಕೇಂದ್ರದಿಂದ ಈ ಊರಿನ ಹೆಸರು ದೂರದೂರಕ್ಕೆ ಹಬ್ಬಿದೆ. ಸುತ್ತಲೂ ಈರುಳ್ಳಿ, ರಾಗಿಯ ಹೊಲಗಳು. ನೀರಿದ್ದಲ್ಲಿ ತೆಂಗು, ಅಡಿಕೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವೂ ಈ ನೆಲದ ಒಡಲಲ್ಲಿಯೇ ಸಾಗಿ, ಭದ್ರೆಯ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ಒಯ್ಯುತ್ತದೆ. ಎತ್ತು, ರೈಲು, ನೀರು, ಇವೆಲ್ಲಕ್ಕೂ ಇಲ್ಲಿ ದಾರಿಯುಂಟು. ಸೈಕಲ್ ತುಳಿದು ಶಾಲೆಗೆ ಹೊರಟ ಬಾಲೆಗೆ ಮಾತ್ರ ಪ್ರತ್ಯೇಕವಾದ ಒಂದು ಮೊಳದ ದಾರಿಯೂ ಇಲ್ಲ.

2006-07ರಲ್ಲಿ ನಮ್ಮ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಹಳ್ಳಿಗಳಲ್ಲಿ ಹೊಸ ಉತ್ಸಾಹ ಮೂಡಿತು. ಪ್ರೌಢಶಾಲೆ ದೂರವೆಂಬ ಕಾರಣಕ್ಕೆ ಮನೆಯಲ್ಲಿಯೇ ಉಳಿಯಬೇಕಾಗಿದ್ದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಗಾಡಿಯನ್ನು ಕೊಟ್ಟವರು ಹಾದಿಯ ವಿಚಾರವನ್ನು ಅಷ್ಟಾಗಿ ಮಾಡಲಿಲ್ಲ. ಊರ ಹೊರಗಿನ ಏರಿಯ ಮೇಲೆ ನಿರ್ಭಯವಾಗಿ ಬರುವ ಮಗು, ಲಾರಿ, ಬಸ್ಸು, ಟ್ರ್ಯಾಕ್ಟರುಗಳು ಇಕ್ಕಟ್ಟಾಗುವ ಪೇಟೆಬೀದಿಯನ್ನು ಮುಟ್ಟಿದೊಡನೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕಾಗುತ್ತದೆ. ಸಂತೆಯ ದಿನವಂತೂ ಹೇಳತೀರದು.

ಆದುದರಿಂದ ಬುಕ್ಕಾಂಬುಧಿಯ ಕಡೆಯಿಂದ ಅಜ್ಜಂಪುರದ ಪೇಟೆಯ ನಡುವಿನವರೆಗೆ ಸೈಕಲ್ ಹಾದಿಯೊಂದು ಬೇಕೆಂಬುದು ನನ್ನ ಆಶಯ. ಹೊಲಗಳ ನಡುವಿನ ಭಾಗ ಸುಲಭ. ಕೆರೆಯ ಏರಿ, ಬಂಡಿದಾರಿ, ರಸ್ತೆಯ ಮಗ್ಗುಲು, ಇವುಗಳಲ್ಲಿ ಯಾವುದಾದರೊಂದು ಒದಗಬಹುದು. ಕಠಿಣವಾದುದು ಕೊನೆಯ ಅರ್ಧ ಮೈಲಿ. ಹಾದಿ ಬೇಕಾದುದೂ ಅಲ್ಲಿಯೇ. ಊರ ಬಾಗಿಲಲ್ಲಿ ನಿಂತುಬಿಡುವ ಹಾದಿಯು ವಿಹಾರಕ್ಕೆ ಬರುವವರಿಗೆ ಸಾಕಾದೀತು; ಆಸ್ಪತ್ರೆಗೆ, ಬ್ಯಾಂಕಿಗೆ, ಕಾಲೇಜಿಗೆ ಹೋಗುವವರಿಗೆ ಸಾಲದು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ರೈಲು ನಿಂತುಹೋದ ಮಾರ್ಗವನ್ನು 1967ರಲ್ಲಿ ಎಲ್‌ರಾಯ್‌ನಿಂದ ಸ್ಪಾರ್ಟಾದವರೆಗೆ, ಸುಮಾರು 51 ಕಿಲೋಮೀಟರ್ ಉದ್ದದ ಸೈಕಲ್ ಹಾದಿಯನ್ನಾಗಿ ಮಾಡಿದರು. ಅದು ಚಿಕ್ಕ ಊರುಗಳನ್ನೇ ಪೋಣಿಸಿಕೊಂಡು ಹೋಗುವ ಹಾದಿ. ನೆದರ್ಲೆಂಡ್ಸ್ ದೇಶದಲ್ಲಿ 1971ನೆಯ ಒಂದೇ ವರ್ಷ 3,200ಕ್ಕೂ ಹೆಚ್ಚು ಜನ ರಸ್ತೆಗಳಲ್ಲಿ ಮಡಿದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಕೇಳಿದ ಮೇಲೆಯೇ ಅಲ್ಲಿಯ ಪಟ್ಟಣಗಳ ನಡುಬೀದಿಗಳು ಬದಲಾಗತೊಡಗಿದವು.

ನಮ್ಮ ನಾಡಿನ ಅನುಭವವೂ ಪಾಠ ಹೇಳುತ್ತದೆ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆಯು 48 ನಿಲ್ದಾಣ, 450 ಸೈಕಲ್ಲುಗಳೊಡನೆ ಆರಂಭವಾಯಿತು. ಬೆಂಗಳೂರಿನ ಜಯನಗರದಲ್ಲಿ ಸೈಕಲ್ ಪಥಗಳನ್ನು ಗುರುತು ಮಾಡಿದರು. ಅವುಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ಲಿಗೆ ಜಾಗ ಬಿಟ್ಟರು. ಅದರೊಳಕ್ಕೆ ಮೋಟಾರು ಬೈಕುಗಳು ನುಗ್ಗಿದವು. ಬಣ್ಣ ಬಳಿದ ಮಾತ್ರಕ್ಕೆ ಹಾದಿಯಾಗುವುದಿಲ್ಲ. ಜನರ ಒಪ್ಪಿಗೆ, ಕಾಯುವ ಕಣ್ಣು, ಇವೆರಡೂ ಕೂಡಿದಾಗಲೇ ಅದು ಉಳಿದೀತು.

ಹಾಗಾದರೆ ಮಾಡುವುದೆಂತು? ಮೊದಲು ಎಣಿಸಬೇಕು. ಶಾಲೆ ಕೂಡುವ ವೇಳೆ, ಬಿಡುವ ವೇಳೆ, ಸಂತೆಯ ದಿನ, ಈ ಮೂರು ಹೊತ್ತಿನಲ್ಲಿ ಎಷ್ಟು ಸೈಕಲ್, ಎಷ್ಟು ಪಾದಚಾರಿಗಳು, ಎಷ್ಟು ವಾಹನಗಳೆಂಬುದನ್ನು ಊರ ವಿದ್ಯಾರ್ಥಿಗಳೇ ಬರೆದುಕೊಳ್ಳಬಹುದು. ಬಳಿಕ ಅಳೆಯಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಷ್ಟು ಹಿಂದೆಯೇ, ಎರಡು ಸಾಲಿನ ಸೈಕಲ್ ಪಥಕ್ಕೆ ಕನಿಷ್ಠ ಎರಡು ಮೀಟರ್ ಅಗಲ ಬೇಕೆಂದು ಹೇಳಿತ್ತು. ಅಷ್ಟು ಸ್ಥಳ ಪೇಟೆಯಲ್ಲಿ ಸಿಗದಿದ್ದರೆ ವಾಹನಗಳ ವೇಗವನ್ನು ತಗ್ಗಿಸಬೇಕು, ಇಲ್ಲವೇ ಹಿಂದಿನ ಬೀದಿಯಿಂದ ಹಾದಿಯನ್ನು ತರಬೇಕು. ಮೊದಲು ಕೆಲವು ತಿಂಗಳ ಮಟ್ಟಿಗೆ ಪರೀಕ್ಷಾರ್ಥವಾಗಿ ನಡೆಸಿ, ತಪ್ಪನ್ನು ತಿದ್ದಿ, ಅನಂತರ ಕಾಂಕ್ರೀಟು ಹಾಕುವುದು ಲೇಸು.

ಅಂಗಡಿಯವರ ಅಳಲನ್ನು ಅಲ್ಲಗಳೆಯಲಾಗದು. ಮುಂದೆ ವಾಹನ ನಿಲ್ಲದಿದ್ದರೆ ಗಿರಾಕಿ ಬರುವನೇ ಎಂಬ ಭಯ ಅವರದು. ಈರುಳ್ಳಿ ಮೂಟೆ ಇಳಿಸುವ ಗಾಡಿಗೆ ಬೆಳಗಿನ ಇಂತಿಷ್ಟು ಹೊತ್ತೆಂದು ನಿಗದಿಯಾಗಬೇಕು. ಹಳ್ಳಿಯಿಂದ ಬಂದವರು ಸೈಕಲ್ ನಿಲ್ಲಿಸಲು ನೆರಳಿರುವ ಜಾಗ ಅಂಗಡಿಗಳ ಸಮೀಪದಲ್ಲಿಯೇ ಇರಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲುಗಳು ನಿಲ್ಲುವುವು. ಹತ್ತು ಸೈಕಲ್ಲೆಂದರೆ ಹತ್ತು ಗಿರಾಕಿಗಳು. ಈ ಮಾತನ್ನು ವರ್ತಕರೊಡನೆ ಕುಳಿತು ಆಡಬೇಕೇ ಹೊರತು ಆಜ್ಞೆ ಹೊರಡಿಸಿ ಸಾಧಿಸಲಾಗದು.

ಇನ್ನೊಂದು ತೊಡಕು ಗಡಿಯದು. ಹಳ್ಳಿಯ ದಾರಿ ಗ್ರಾಮ ಪಂಚಾಯಿತಿಗೆ, ಹೆದ್ದಾರಿ ಲೋಕೋಪಯೋಗಿ ಇಲಾಖೆಗೆ, ಪೇಟೆಯ ಬೀದಿ ಪಟ್ಟಣದ ಆಡಳಿತಕ್ಕೆ ಸೇರಿದುವು. ಒಬ್ಬರ ಗಡಿ ಮುಗಿದು ಇನ್ನೊಬ್ಬರದು ತೊಡಗುವ ಕಡೆಯಲ್ಲಿ ಹಾದಿಗಳು ಅನಾಥವಾಗುತ್ತವೆ. ಮೂವರನ್ನೂ ಒಂದೆಡೆ ಕೂರಿಸಬಲ್ಲವರು ಜನರೇ. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಯಲ್ಲಿ ಮಾತನಾಡುವ ಅವಕಾಶವನ್ನು ನಮ್ಮೆಲ್ಲರಿಗೂ ಕೊಟ್ಟಿದೆ. ಚರಂಡಿ, ಬೀದಿದೀಪಗಳ ಮಾತು ಅಲ್ಲಿ ಬರುತ್ತದೆ. ಮಕ್ಕಳ ಹಾದಿಯ ಮಾತೂ ಬರಲಿ. ಮುಂದಿನ ಸಭೆಗೆ ಮನೆಯ ಯಜಮಾನರಷ್ಟೇ ಹೋಗದೆ, ದಿನವೂ ಆ ದಾರಿಯನ್ನು ತುಳಿಯುವ ಮಗಳನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಎಲ್ಲಿ ಅಂಜಿಕೆಯಾಗುತ್ತದೆ, ಎಲ್ಲಿ ಇಳಿಯಬೇಕಾಗುತ್ತದೆ ಎಂಬುದನ್ನು ಅವಳೇ ಹೇಳಲಿ. ಯೋಜನೆಯ ಮೊದಲ ನಕ್ಷೆ ಅದೇ ಆದೀತು.